ಎಳೆಯ ವೇಗಿಗೆ ಬೆಲೆ ಕಟ್ಟುವುದು ಹೇಗೆ?

2013ರ ಏಪ್ರಿಲ್ 4ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬೈ ಇಂಡಿಯನ್ಸ್ ಪರ ಹತ್ತೊಂಬತ್ತರ ಹುಡುಗನೊಬ್ಬ ಮೊದಲ ಬಾರಿಗೆ ಚೆಂಡು ಹಿಡಿದ. ಅವನ ಮೊದಲ ಓವರಿನಲ್ಲೇ ವಿರಾಟ್ ಕೊಹ್ಲಿ ಬೌಂಡರಿ ಮೇಲೆ ಬೌಂಡರಿ ಹೊಡೆದರು. ಅದೇ ಓವರಿನಲ್ಲಿ ಎಲ್‌ಬಿಡಬ್ಲ್ಯು ಆಗಿ ಹೊರನಡೆದರು. ಹುಡುಗನ ಹೆಸರು ಜಸ್‌ಪ್ರೀತ್ ಬುಮ್ರಾ. ಆ ರಾತ್ರಿಯ ಲೆಕ್ಕ 32 ರನ್‌ಗೆ 3 ವಿಕೆಟ್. ಪಂದ್ಯ ಗೆದ್ದದ್ದು ಮಾತ್ರ ಬೆಂಗಳೂರು. ಕೊನೆಯ ಓವರಿನಲ್ಲಿ ಹತ್ತು ರನ್ ಕಾಪಾಡಿಕೊಂಡು ತಂಡವನ್ನು 2 ರನ್‌ಗಳಿಂದ ದಡ ಮುಟ್ಟಿಸಿದವರು ದಾವಣಗೆರೆಯ ಆರ್. ವಿನಯ್ ಕುಮಾರ್.

ಆ ಇಬ್ಬರಲ್ಲಿ ಆ ಹೊತ್ತಿಗೆ ದುಬಾರಿ ಆಟಗಾರ ವಿನಯ್. ಹಿಂದಿನ ವರ್ಷ ಅವರನ್ನು ಬೆಂಗಳೂರು ತಂಡ ಹತ್ತು ಲಕ್ಷ ಡಾಲರ್ ಕೊಟ್ಟು ವಾಪಸ್ ಕರೆಸಿಕೊಂಡಿತ್ತು. ಬುಮ್ರಾ ಆಗಿನ್ನೂ ಹರಾಜಿಗೇ ಬಂದಿರಲಿಲ್ಲ. ಇನ್ನೂ ಏನೂ ಸಾಧಿಸದ ಒಬ್ಬ ವೇಗಿಗೆ ಬೆಲೆ ಕಟ್ಟುವುದು ಯಾವ ಆಧಾರದ ಮೇಲೆ, ಅವನ ಮೊದಲ ಕೆಲವು ಪಂದ್ಯಗಳನ್ನು ನೋಡಿ ಎಷ್ಟು ನಂಬಬೇಕು ಎಂಬ ಜಗಳ ಐಪಿಎಲ್‌ನಷ್ಟೇ ಹಳೆಯದು. ಅಮೆರಿಕದ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವ ಎದುರಾಳಿ ಆಟಗಾರನ, ಅಂದರೆ ಕ್ವಾರ್ಟರ್‌ಬ್ಯಾಕ್‌ನ ಬೆನ್ನಟ್ಟುವ ಹೊಸ ಹುಡುಗರ ವಿಷಯದಲ್ಲೂ ಪ್ರತಿ ವರ್ಷ ಇದೇ ಚರ್ಚೆ. ನಮ್ಮಲ್ಲಿ ಆ ಜಾಗ ವೇಗದ ಬೌಲರ್‌ನದು.

ಹಂಚಿಕೆಯಿಂದ ಹರಾಜಿಗೆ

ಎಳೆಯರನ್ನು ಐಪಿಎಲ್ ಮೊದಲು ಹರಾಜು ಹಾಕಲಿಲ್ಲ, ಹಂಚಿತು. 2008ರ ಮಾರ್ಚ್‌ನಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಂಡವು. ಸಂಬಳ ಮೊದಲೇ ಗೊತ್ತುಮಾಡಿದ್ದು, 30,000 ಡಾಲರ್. ತನ್ನ ಸರದಿ ಬಂದಾಗ ಡೆಲ್ಲಿ ತಂಡ ತನ್ನದೇ ಊರಿನ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ರನ್ನು ಆರಿಸಿತು. ಕೊಹ್ಲಿ ಬೆಂಗಳೂರಿಗೆ ಬಂದರು.

ಈಗ ಕೇಳಿದರೆ ನಗು ಬರುತ್ತದೆ. ಆದರೆ ಡೆಲ್ಲಿಯ ಲೆಕ್ಕ ಆ ಹೊತ್ತಿಗೆ ಅಡ್ಡಾದಿಡ್ಡಿ ಆಗಿರಲಿಲ್ಲ. ಸೆಹವಾಗ್, ಗಂಭೀರ್, ಧವನ್, ಡಿವಿಲಿಯರ್ಸ್, ದಿಲ್ಶಾನ್ ಇದ್ದ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಯಾಕೆ? ಬೇಕಿದ್ದುದು ಭಾರತೀಯ ವೇಗಿ. ಕೊರತೆ ನೋಡಿ ಆರಿಸಬೇಕೋ, ಪ್ರತಿಭೆ ನೋಡಿ ಆರಿಸಬೇಕೋ ಎಂಬ ಪ್ರಶ್ನೆ ಆ ಒಂದು ಆಯ್ಕೆಯೊಳಗೇ ಕೂತಿದೆ.

ದೇಶಕ್ಕೆ ಆಡದ ಭಾರತೀಯ ಆಟಗಾರರು ಹರಾಜಿನ ಸುತ್ತಿಗೆಯ ಕೆಳಗೆ ಬಂದದ್ದು 2014ರಲ್ಲಿ. ಅಲ್ಲಿಯವರೆಗೆ ಅವರಿಗೆ ನಿಗದಿತ ಸಂಬಳ ಇತ್ತು. 2014ರ ಹರಾಜಿನಲ್ಲಿ ಲೆಗ್‌ಸ್ಪಿನ್ನರ್ ಕರ್ಣ್ ಶರ್ಮಾ 3.75 ಕೋಟಿಗೆ ಹೋದಾಗ ಬೆಲೆಯ ಕಟ್ಟೆ ಒಡೆಯಿತು. ಮರುವರ್ಷವೇ ಕೊಡಗಿನ ಕೆ.ಸಿ. ಕಾರಿಯಪ್ಪ, ಪ್ರಥಮ ದರ್ಜೆ ಪಂದ್ಯವನ್ನೇ ಆಡದ ಹುಡುಗ, 10 ಲಕ್ಷದ ಮೂಲ ಬೆಲೆಯಿಂದ 2.4 ಕೋಟಿಗೆ ಏರಿದರು. ಕೋಲ್ಕತ್ತ ತಂಡ ಆ ವರ್ಷ ಅವರನ್ನು ಆಡಿಸಿದ್ದು ಒಂದೇ ಪಂದ್ಯದಲ್ಲಿ. ಪಡೆದದ್ದು ಡಿವಿಲಿಯರ್ಸ್ ವಿಕೆಟ್! ಸ್ಪಿನ್ನರ್ ಕಥೆ ಇಲ್ಲಿ ಯಾಕೆ ಎಂದರೆ, ನೋಡಿರದ ಸರಕಿಗೇ ಹೆಚ್ಚು ಬೆಲೆ ಬರುವ ಹರಾಜಿನ ಗುಣ ಕನ್ನಡಿಗರಿಗೆ ಹತ್ತಿರದಿಂದ ಕಂಡದ್ದು ಆಗಲೇ.

ವೇಗವೇ ಬಂಡವಾಳ ಎನ್ನುವವರು

ಬೆಲೆ ಕಟ್ಟುವ ವಿಷಯದಲ್ಲಿ ನಾಲ್ಕು ಪಂಥಗಳಿವೆ. ಮೊದಲ ಪಂಥದ ವಾದ ಸರಳ. ಲೈನ್, ಲೆಂಗ್ತ್, ನಿಧಾನದ ಎಸೆತ, ಯಾರ್ಕರ್ ಎಲ್ಲವನ್ನೂ ಕಲಿಸಬಹುದು, ಗಂಟೆಗೆ 145 ಕಿ.ಮೀ. ವೇಗವನ್ನು ಕಲಿಸಲಾಗದು. ಹಾಗಾಗಿ ವೇಗ ಇದ್ದವನನ್ನು ಕೊಂಡು ಉಳಿದದ್ದನ್ನು ಕಲಿಸಿ. 2018ರಲ್ಲಿ ರಾಹುಲ್ ದ್ರಾವಿಡ್ ತರಬೇತಿಯ 19 ವರ್ಷದೊಳಗಿನವರ ತಂಡ ವಿಶ್ವಕಪ್ ಆಡುತ್ತಿದ್ದಾಗಲೇ ಕೋಲ್ಕತ್ತ ತಂಡ ಕಮಲೇಶ್ ನಾಗರಕೋಟಿಗೆ 3.2 ಕೋಟಿ, ಶಿವಂ ಮಾವಿಗೆ 3 ಕೋಟಿ ಕೊಟ್ಟಿತು. ಇಬ್ಬರೂ ಟಿವಿ ಪರದೆಯ ಮೇಲೆ 145 ದಾಟಿಸುತ್ತಿದ್ದರು.

ಈ ಪಂಥದ ಬಲವಾದ ಸಾಕ್ಷಿ ಮಯಾಂಕ್ ಯಾದವ್. ಲಖನೌ ತಂಡ 2022ರಲ್ಲಿ 20 ಲಕ್ಷಕ್ಕೆ ಕೊಂಡ ಈ ಹುಡುಗ 2024ರ ಮಾರ್ಚ್ 30ರಂದು ಪಂಜಾಬ್ ವಿರುದ್ಧ ಮೊದಲ ಪಂದ್ಯ ಆಡಿ 27 ರನ್‌ಗೆ 3 ವಿಕೆಟ್ ಕಿತ್ತರು. ಏಪ್ರಿಲ್ 2ರಂದು ಚಿನ್ನಸ್ವಾಮಿಯಲ್ಲಿ 14 ರನ್‌ಗೆ 3, ಒಂದು ಎಸೆತ 156.7 ಕಿ.ಮೀ. ವೇಗದ್ದು. ಎರಡೂ ಪಂದ್ಯಗಳಲ್ಲಿ ಪಂದ್ಯಶ್ರೇಷ್ಠ. ಆಮೇಲೆ ಪಕ್ಕೆಯ ನೋವು. ಆ ವರ್ಷ ಆಡಿದ್ದು ನಾಲ್ಕೇ ಪಂದ್ಯ. ಆದರೂ ಮುಂದಿನ ಹಂಗಾಮಿಗೆ ಲಖನೌ ಅವರನ್ನು 11 ಕೋಟಿಗೆ ಉಳಿಸಿಕೊಂಡಿತು. 2025ರಲ್ಲಿ ಅವರು ಆಡಿದ್ದು ಎರಡು ಪಂದ್ಯ.

ಉಮ್ರಾನ್ ಮಲಿಕ್ ಕಥೆ ಇದಕ್ಕಿಂತ ತೊಡಕಿನದು. ಅವರಿಗೆ ಮೈ ಕೈಕೊಡುವ ಮೊದಲೇ ಆಟ ಕೈಕೊಟ್ಟಿತು. 2022ರಲ್ಲಿ 14 ಪಂದ್ಯಕ್ಕೆ 22 ವಿಕೆಟ್, 157 ಕಿ.ಮೀ., ವರ್ಷದ ಉದಯೋನ್ಮುಖ ಆಟಗಾರ ಪ್ರಶಸ್ತಿ. ಆಗಲೂ ಓವರಿಗೆ 9 ರನ್ ಕೊಟ್ಟಿದ್ದರು. ವಿಕೆಟ್‌ಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮರುವರ್ಷ 8 ಪಂದ್ಯಕ್ಕೆ 5 ವಿಕೆಟ್. ವೇಗ ಅಷ್ಟೇ ಇತ್ತು. ಬ್ಯಾಟ್ಸ್‌ಮನ್‌ಗಳು ಒಂದು ವರ್ಷ ವಿಡಿಯೊ ನೋಡಿಕೊಂಡು ಬಂದಿದ್ದರು, ಅಷ್ಟೆ.

ಈ ಪಂಥ ವಿನಯ್ ಕುಮಾರ್ ಅವರನ್ನು ಹೇಗೆ ವಿವರಿಸುತ್ತದೆ? ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂಬ ಹೆಸರಿದ್ದರೂ ಅವರದು ಮಧ್ಯಮ ವೇಗ. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಆಡಿದ ಏಕೈಕ ಟೆಸ್ಟ್‌ನಲ್ಲಿ 13 ಓವರಿಗೆ 73 ರನ್, ಒಂದು ವಿಕೆಟ್. ಡೇವಿಡ್ ವಾರ್ನರ್ 69 ಎಸೆತಗಳ ಶತಕ ಮುಟ್ಟಿದ್ದು ಇವರಿಗೆ ಹೊಡೆದ ಸಿಕ್ಸರ್‌ನಿಂದ. ‘ನೋಡಿ, ವೇಗ ಇಲ್ಲದಿದ್ದರೆ ಹೀಗೆ’ ಎಂದರು ಎಲ್ಲರೂ. ಅದೇ ವಿನಯ್ ಪ್ರಥಮ ದರ್ಜೆಯಲ್ಲಿ 504 ವಿಕೆಟ್, ಐಪಿಎಲ್‌ನಲ್ಲಿ 105 ಪಂದ್ಯಕ್ಕೆ 105 ವಿಕೆಟ್ ಪಡೆದು, ನಾಯಕನಾಗಿ ಕರ್ನಾಟಕಕ್ಕೆ ಸತತ ಎರಡು ರಣಜಿ ಟ್ರೋಫಿ ತಂದುಕೊಟ್ಟರು. 2013 ಒಂದೇ ವರ್ಷ ತೆಗೆದುಕೊಳ್ಳಿ: ಐಪಿಎಲ್‌ನಲ್ಲಿ 23 ವಿಕೆಟ್, ನವೆಂಬರ್ 2ರಂದು ಅದೇ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಏಕದಿನ ಪಂದ್ಯದಲ್ಲಿ 9 ಓವರಿಗೆ 102 ರನ್. ವೇಗದ ಪಂಥ ಎರಡನೆಯದನ್ನು ವಿವರಿಸುತ್ತದೆ, ಮೊದಲನೆಯದಕ್ಕೆ ಅದರ ಬಳಿ ಉತ್ತರವಿಲ್ಲ.

ಲೆಕ್ಕದವರು

ದೇಶೀಯ ಕ್ರಿಕೆಟ್‌ನ ವಿಕೆಟ್, ಸರಾಸರಿ, ಇಕಾನಮಿ ನೋಡಿ ಬೆಲೆ ಕಟ್ಟಿ ಎನ್ನುವುದು ಎರಡನೆಯ ಪಂಥ. ಬಹಳ ಕಾಲ ಇದರ ಮಾತು ಯಾರೂ ಕೇಳಲಿಲ್ಲ. ನಮ್ಮ ವಾಸುಕಿ ಕೌಶಿಕ್ ರಣಜಿಯಲ್ಲಿ ಕರ್ನಾಟಕಕ್ಕೆ ವರ್ಷಗಟ್ಟಲೆ ಕರಾರುವಾಕ್ಕಾಗಿ ಬೌಲ್ ಮಾಡಿದರೂ ಐಪಿಎಲ್ ಅವರ ಕಡೆ ತಿರುಗಿ ನೋಡಲಿಲ್ಲ. ಇತ್ತೀಚೆಗೆ ಗಾಳಿ ಕೊಂಚ ಬದಲಾಗಿದೆ. 2024–25ರ ರಣಜಿಯಲ್ಲಿ 44 ವಿಕೆಟ್ ಪಡೆದು, ದುಲೀಪ್ ಟ್ರೋಫಿಯಲ್ಲಿ ಸತತ ನಾಲ್ಕು ಎಸೆತಗಳಲ್ಲಿ ನಾಲ್ಕು ವಿಕೆಟ್ ಕಿತ್ತ ಜಮ್ಮು–ಕಾಶ್ಮೀರದ ಆಕಿಬ್ ನಬಿಗೆ 2025ರ ಡಿಸೆಂಬರ್‌ನ ಹರಾಜಿನಲ್ಲಿ ಡೆಲ್ಲಿ 8.40 ಕೋಟಿ ಕೊಟ್ಟಿತು. ಅವರ ಬಂಡವಾಳ ವೇಗವಲ್ಲ, ಸ್ವಿಂಗ್.

ಲೆಕ್ಕದವರ ತೊಂದರೆ ಇಷ್ಟೇ: ರಣಜಿಯ ಬೆಳಗಿನ ತೇವದ ಪಿಚ್‌ನಲ್ಲಿ ದಿನಕ್ಕೆ ಇಪ್ಪತ್ತು ಓವರ್ ಹಾಕುವ ಕೆಲಸಕ್ಕೂ, ರಾತ್ರಿ ಇಬ್ಬನಿಯಲ್ಲಿ ಹದಿನೆಂಟನೆಯ ಓವರ್ ಹಾಕುವ ಕೆಲಸಕ್ಕೂ ಹೆಚ್ಚು ನಂಟಿಲ್ಲ. ಒಟ್ಟು ಇಕಾನಮಿ ನೋಡಿದರೆ ಸಾಲದು. ಪವರ್‌ಪ್ಲೇ, ನಡುವಿನ ಓವರ್, ಡೆತ್ ಓವರ್ ಎಂದು ಬಿಡಿಸಿ ನೋಡಬೇಕು. ಹಾಗೆ ಬಿಡಿಸಿದರೆ ಹೊಸಬನ ಖಾತೆಯಲ್ಲಿ ಒಂದೊಂದು ಹಂತಕ್ಕೂ ಉಳಿಯುವ ಎಸೆತಗಳು ಬೆರಳೆಣಿಕೆಯಷ್ಟು.

ಅಂಚಿನಲ್ಲಿ ಕೂತು ನೋಡುವವರು

ಮೂರನೆಯ ಪಂಥ ಪ್ರತಿಭೆ ಹುಡುಕುವ ಸ್ಕೌಟ್‌ಗಳದು. ಬುಮ್ರಾ ಸಿಕ್ಕಿದ್ದು ಇವರಿಗೆ. ಅಹಮದಾಬಾದ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟೂರ್ನಿ ನೋಡುತ್ತಿದ್ದ ಮುಂಬೈ ತಂಡದ ಜಾನ್ ರೈಟ್ ಕಣ್ಣಿಗೆ ಆ ವಿಚಿತ್ರ ಶೈಲಿ ಬಿತ್ತು. ಕ್ರಿಕೆಟ್ ಪಾಠದ ಪ್ರಕಾರ ಆ ಓಟ, ಆ ನೆಟ್ಟಗಿನ ತೋಳು ತಿದ್ದಬೇಕಾದವು. ಸ್ಕೌಟ್ ನೋಡಿದ್ದು ಬ್ಯಾಟ್ಸ್‌ಮನ್‌ಗಳು ತಡವರಿಸುತ್ತಿದ್ದುದನ್ನು. 2025ರ ಮಾರ್ಚ್ 31ರಂದು ಅದೇ ಮುಂಬೈ ತಂಡ ಪಂಜಾಬಿನ ಅಶ್ವನಿ ಕುಮಾರ್ ಎಂಬ ಎಡಗೈ ವೇಗಿಯನ್ನು ಕಣಕ್ಕಿಳಿಸಿತು. ಬೆಲೆ 30 ಲಕ್ಷ. ಮೊದಲ ಪಂದ್ಯದಲ್ಲೇ ಕೋಲ್ಕತ್ತ ವಿರುದ್ಧ 24 ರನ್‌ಗೆ 4 ವಿಕೆಟ್.

2021ರಲ್ಲಿ ನಿವೃತ್ತರಾದ ವಿನಯ್ ಕುಮಾರ್ ಅದೇ ವರ್ಷ ಮುಂಬೈ ಇಂಡಿಯನ್ಸ್‌ನ ಸ್ಕೌಟ್ ಬಳಗ ಸೇರಿದರು. ವೇಗ ಸಾಲದು ಎಂಬ ಮಾತನ್ನು ಇಡೀ ವೃತ್ತಿಜೀವನ ಕೇಳಿದವರಿಗೇ ಹುಡುಗರನ್ನು ಅಳೆಯುವ ಕೆಲಸ ಕೊಟ್ಟದ್ದು ಮುಂಬೈನ ಜಾಣತನ ಎಂದೇ ನನ್ನ ಭಾವನೆ. ಆದರೆ ಸ್ಕೌಟ್‌ಗಳ ಸಾಧನೆ ಅಳೆಯುವುದು ಕಷ್ಟ. ಸಿಕ್ಕ ಬುಮ್ರಾ ಎಲ್ಲರಿಗೂ ಗೊತ್ತು. ನೋಡಿಯೂ ಬಿಟ್ಟವರ ಪಟ್ಟಿ ಯಾರ ಬಳಿಯೂ ಇಲ್ಲ.

ಹರಾಜನ್ನೇ ಅನುಮಾನಿಸುವವರು

ನಾಲ್ಕನೆಯವರು ಆಟಗಾರನನ್ನು ಬಿಟ್ಟು ಹರಾಜನ್ನೇ ಪರೀಕ್ಷೆಗೆ ಹಚ್ಚುತ್ತಾರೆ. 1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರ್‌ಗಳು, ಸಮುದ್ರದಡಿಯ ತೈಲ ನಿಕ್ಷೇಪಗಳ ಹರಾಜಿನಲ್ಲಿ ಗೆದ್ದ ಕಂಪನಿಗಳು ಯಾಕೆ ಕಡಿಮೆ ಲಾಭ ಕಾಣುತ್ತಿವೆ ಎಂದು ವಿವರಿಸಿದರು. ಸರಕಿನ ನಿಜವಾದ ಬೆಲೆ ಯಾರಿಗೂ ತಿಳಿಯದಿದ್ದಾಗ ಹತ್ತು ಮಂದಿ ಹತ್ತು ಅಂದಾಜು ಮಾಡುತ್ತಾರೆ. ಗೆಲ್ಲುವವನು ಎಲ್ಲರಿಗಿಂತ ಹೆಚ್ಚು ಅಂದಾಜಿಸಿದವನು, ಅಂದರೆ ಎಲ್ಲರಿಗಿಂತ ಹೆಚ್ಚು ತಪ್ಪಿದವನೇ ಆಗಿರುವ ಸಂಭವ ಹೆಚ್ಚು. ಅಡಿಕೆ ಮಂಡಿಯಲ್ಲಿ ಚೀಲ ಬಿಚ್ಚಿ, ಕಚ್ಚಿ ನೋಡಿ ದರ ಕೂಗಬಹುದು. ಹತ್ತೊಂಬತ್ತರ ವೇಗಿಯ ಚೀಲ ಬಿಚ್ಚಿ ನೋಡುವ ದಾರಿ ಇಲ್ಲ.

ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್, ಕೇಡ್ ಮ್ಯಾಸ್ಸಿ ಜೊತೆ ಸೇರಿ ಅಮೆರಿಕದ ಫುಟ್‌ಬಾಲ್‌ನ ಹೊಸಬರ ಆಯ್ಕೆಯನ್ನು ಪರಿಶೀಲಿಸಿದಾಗಲೂ ಕಂಡದ್ದು ಹೀಗೆಯೇ. ಮೊದಲ ಸರದಿಗಾಗಿ ತಂಡಗಳು ತೆರುವ ಬೆಲೆ ಅತಿ. ಕೊಟ್ಟ ಹಣಕ್ಕೆ ಹೆಚ್ಚು ಆಟ ಸಿಗುವುದು ಎರಡನೆಯ ಸುತ್ತಿನ ಆಯ್ಕೆಗಳಿಂದ.

ಇದನ್ನು ನಮ್ಮ ವೇಗಿಗಳ ಮೇಲಿಟ್ಟು ನೋಡಿ. 3.2 ಕೋಟಿಯ ನಾಗರಕೋಟಿ 2018, 2019 ಎರಡೂ ವರ್ಷ ಗಾಯದಿಂದ ಹೊರಗುಳಿದರು. 2018ರಲ್ಲಿ ಅವರ ಬದಲಿಗೆ ಬಂದವರು ಬೆಂಗಳೂರಿನ ಪ್ರಸಿದ್ಧ ಕೃಷ್ಣ. 7 ಪಂದ್ಯ, 10 ವಿಕೆಟ್. ಅದೇ ಪ್ರಸಿದ್ಧ 2022ರಲ್ಲಿ 10 ಕೋಟಿಗೆ ರಾಜಸ್ಥಾನ ಸೇರಿದರು. 2025ರಲ್ಲಿ ಗುಜರಾತ್ ಪರ 25 ವಿಕೆಟ್ ಪಡೆದು ಪರ್ಪಲ್ ಕ್ಯಾಪ್ ಧರಿಸಿದರು. ಮಾವಿಯನ್ನು ಗುಜರಾತ್ 2023ಕ್ಕೆ 6 ಕೋಟಿ, ಲಖನೌ 2024ಕ್ಕೆ 6.4 ಕೋಟಿ ಕೊಟ್ಟು ಕೊಂಡವು. ಎರಡು ವರ್ಷ, ಎರಡು ತಂಡ, ಒಂದೂ ಪಂದ್ಯವಿಲ್ಲ.

ಇಲ್ಲಿ ಮೈಯ ಮಾತು ಬಂದೇ ಬರುತ್ತದೆ. ಚೆಂಡು ಬಿಡುವ ಕ್ಷಣ ಮುಂಗಾಲು ನೆಲಕ್ಕೆ ಬಡಿದಾಗ ದೇಹದ ತೂಕದ ಹಲವು ಪಟ್ಟು ಹೊರೆ ಬೆನ್ನಿಗೆ ಏರುತ್ತದೆ. ಕೆಳಬೆನ್ನಿನ ಮೂಳೆ ಪೂರ್ತಿ ಗಟ್ಟಿಯಾಗಲು ಇಪ್ಪತ್ತರ ವಯಸ್ಸು ದಾಟಿಯೂ ಕೆಲ ವರ್ಷ ಬೇಕು. ಪ್ರಸಿದ್ಧ ಕೂಡ 2023ರ ಇಡೀ ಹಂಗಾಮನ್ನು ಬೆನ್ನುಮೂಳೆಯ ಬಿರುಕಿಗೆ ಕಳೆದುಕೊಂಡರು. ಅಂದರೆ ಹರಾಜು ಅತಿ ಹೆಚ್ಚು ಬೆಲೆ ಕಟ್ಟುವ ವಯಸ್ಸೇ ಮೈ ಅತಿ ಹೆಚ್ಚು ಕೈಕೊಡುವ ವಯಸ್ಸು. ನಾಲ್ಕು ಪಂಥಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ. ಆದರೆ ಇದೂ ಅಗ್ಗಕ್ಕೆ ಬಂದು ಕಾಣೆಯಾದ ನೂರಾರು ಹುಡುಗರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲ ಹಂಗಾಮು ಏನು ಹೇಳುತ್ತದೆ?

ಲೀಗ್ ಹಂತದ 14 ಪಂದ್ಯಗಳಲ್ಲೂ ನಾಲ್ಕು ನಾಲ್ಕು ಓವರ್ ಹಾಕಿದರೆ ಒಬ್ಬ ಬೌಲರ್‌ಗೆ ಸಿಗುವುದು 336 ಎಸೆತ. ಹೊಸಬನಿಗೆ ಅದರ ಅರ್ಧ ಸಿಕ್ಕರೂ ಪುಣ್ಯ. ಅಷ್ಟರಲ್ಲಿ ಏನು ತಿಳಿಯುತ್ತದೆ? ಬೆಂಗಳೂರಿನ ವೈಶಾಖ್ ವಿಜಯಕುಮಾರ್ 2023ರ ಏಪ್ರಿಲ್ 15ರಂದು ಚಿನ್ನಸ್ವಾಮಿಯಲ್ಲಿ ಡೆಲ್ಲಿ ವಿರುದ್ಧ ತಮ್ಮ ಮೊದಲ ಐಪಿಎಲ್ ಪಂದ್ಯದಲ್ಲಿ 20 ರನ್‌ಗೆ 3 ವಿಕೆಟ್ ಪಡೆದರು. ಎರಡು ದಿನ ಕಳೆದು ಅದೇ ಮೈದಾನದಲ್ಲಿ ಚೆನ್ನೈ ವಿರುದ್ಧ ನಾಲ್ಕು ಓವರಿಗೆ 62 ರನ್ ಕೊಟ್ಟರು. ಎರಡು ದಿನದಲ್ಲಿ ಹುಡುಗ ಬದಲಾಗಿರಲಿಲ್ಲ.

ಅದೇ ವೈಶಾಖ್ 2025ರ ಮಾರ್ಚ್ 25ರಂದು ಪಂಜಾಬ್ ಪರ ಅಹಮದಾಬಾದ್‌ನಲ್ಲಿ ಪಂದ್ಯದ ನಡುವೆ ಬದಲಿಯಾಗಿ ಬರುವ ಇಂಪ್ಯಾಕ್ಟ್ ಆಟಗಾರನಾಗಿ ಕೊನೆಯ ಹಂತದಲ್ಲಿ ಇಳಿದರು. ಗುಜರಾತ್ ಬೆನ್ನಟ್ಟುವ ಭರದಲ್ಲಿತ್ತು. ಆಫ್ ಸ್ಟಂಪ್‌ನಿಂದ ಆಚೆಗೆ, ವೈಡ್ ಗೆರೆಯ ಒಳಗೆ, ಒಂದರ ಹಿಂದೊಂದು ಯಾರ್ಕರ್ ಹಾಕಿ ಮೊದಲ ಎರಡು ಓವರಿಗೆ ಕೊಟ್ಟದ್ದು 10 ರನ್. ಪಂದ್ಯ ಅಲ್ಲಿಗೇ ತಿರುಗಿತು. ಸ್ಕೋರ್‌ಕಾರ್ಡ್‌ನಲ್ಲಿ ಅವರ ಹೆಸರಿನ ಮುಂದೆ ವಿಕೆಟ್ ಸೊನ್ನೆ. ಅಮೆರಿಕದ ಫುಟ್‌ಬಾಲ್‌ನವರು ಒಬ್ಬ ಆಟಗಾರ ಎಷ್ಟು ಬಾರಿ ಎದುರಾಳಿಯನ್ನು ಕೆಡವಿದ ಎಂಬುದರ ಜೊತೆ ಎಷ್ಟು ಬಾರಿ ಅವನನ್ನು ಅವಸರಕ್ಕೆ ದೂಡಿದ ಎಂದೂ ಎಣಿಸಲು ಕಲಿತಿದ್ದಾರೆ. ನಮ್ಮ ಪತ್ರಿಕೆಗಳ ಕ್ರೀಡಾಪುಟ ಈಗಲೂ ವಿಕೆಟ್ ಮಾತ್ರ ಎಣಿಸುತ್ತದೆ.

ತಾಳ್ಮೆಯ ಪರ ವಾದಿಸುವವರು ಕೊನೆಗೆ ಬುಮ್ರಾ ಹೆಸರನ್ನೇ ಎತ್ತುತ್ತಾರೆ. ಮೊದಲ ಮೂರು ಹಂಗಾಮು ಸೇರಿ 17 ಪಂದ್ಯ, 11 ವಿಕೆಟ್. ಮುಂಬೈ ಕೈಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ 2017ರಲ್ಲಿ 3 ಕೋಟಿಗೆ ಪಂಜಾಬ್ ಸೇರಿ 6 ಪಂದ್ಯಕ್ಕೆ 2 ವಿಕೆಟ್ ಪಡೆದಾಗ ತಂಡ ಅವರನ್ನು ಕೈಬಿಟ್ಟೇ ಬಿಟ್ಟಿತು. ಹೈದರಾಬಾದ್ 40 ಲಕ್ಷಕ್ಕೆ ಕೊಂಡು, ಎರಡು ವರ್ಷ ಆಡಿಸದೆ ನೆಟ್ಸ್‌ನಲ್ಲಿಟ್ಟುಕೊಂಡು, 2020ರಲ್ಲಿ ಇಳಿಸಿತು: 16 ವಿಕೆಟ್, ಅದರ ಬೆನ್ನಿಗೇ ಆಸ್ಟ್ರೇಲಿಯಾದಲ್ಲಿ ಮೂರೂ ಮಾದರಿಯಲ್ಲಿ ಭಾರತದ ಪರ ಪದಾರ್ಪಣೆ. ಮೊದಲ ಹಂಗಾಮಿನ ಆಧಾರದಲ್ಲಿ ತೀರ್ಪು ಕೊಡುವುದು ದುಡುಕು. ತೀರ್ಪು ಕೊಡಲೇಬೇಕಿದ್ದರೆ, ಎದುರಾಳಿಗಳು ವಿಡಿಯೊ ನೋಡಿ ಬಂದ ಎರಡನೆಯ ಹಂಗಾಮು ನೋಡಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು

ನಟರಾಜನ್ ಇಪ್ಪತ್ತರವರೆಗೆ ಆಡಿದ್ದು ಟೆನ್ನಿಸ್ ಬಾಲ್ ಕ್ರಿಕೆಟ್. ನಮ್ಮ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಲ್ಲಿ ಆಡುವುದೂ ಅದೇ. ಚನ್ನಗಿರಿಯ ಅಡಿಕೆ ಸೀಮೆ, ತುಂಗಭದ್ರೆಯ ದಡದ ಹೊನ್ನಾಳಿ, ಅದರಿಂದ ಬೇರೆಯಾಗಿ ಹೊಸ ತಾಲ್ಲೂಕಾದ ನ್ಯಾಮತಿ, ಮಳೆ ನೆಚ್ಚಿದ ಜಗಳೂರು. ಎಲ್ಲೇ ಹೋಗಲಿ, ಜಾತ್ರೆ ಮುಗಿದ ಮೇಲೆ, ಸುಗ್ಗಿ ಮುಗಿದ ಮೇಲೆ ಮೈದಾನಕ್ಕೆ ಶಾಮಿಯಾನ, ಮೈಕ್, ನಗದು ಬಹುಮಾನದ ಬ್ಯಾನರ್ ಬರುತ್ತವೆ. ದಾವಣಗೆರೆ ಹೈಸ್ಕೂಲ್ ಮೈದಾನದ ಟೂರ್ನಿಗಳಿಗೆ ಹೊರರಾಜ್ಯದ ತಂಡಗಳೂ ಬರುತ್ತವೆ.

ಟೆನ್ನಿಸ್ ಬಾಲ್ ತೂಕ 58 ಗ್ರಾಂ ಆಸುಪಾಸು. ಲೆದರ್ ಬಾಲ್ 156ರಿಂದ 163 ಗ್ರಾಂ. ಟೆನ್ನಿಸ್ ಬಾಲ್‌ಗೆ ಸೀಮ್ ಇಲ್ಲ, ಗಾಳಿಯಲ್ಲಿ ಸ್ವಿಂಗ್ ನೆಚ್ಚುವಂತಿಲ್ಲ, ಬೌಂಡರಿ ಸಣ್ಣದು. ಬ್ಯಾಟ್ಸ್‌ಮನ್ ಕಾಲಬುಡಕ್ಕೆ ಹಾಕದಿದ್ದರೆ ಚೆಂಡು ಪಕ್ಕದ ತೋಟಕ್ಕೆ. ಹಾಗಾಗಿ ಹುಡುಗರು ಯಾರ್ಕರ್ ಕಲಿಯುತ್ತಾರೆ, ಬೆರಳು ಹೊರಳಿಸಿ ನಿಧಾನ ಮಾಡುವುದು ಕಲಿಯುತ್ತಾರೆ. ಐಪಿಎಲ್‌ನ ಹದಿನೆಂಟನೆಯ ಓವರಿಗೆ ಬೇಕಾದ ಕಸುಬೂ ಅದೇ. ಆದರೆ ಸೀಮ್ ನೆಟ್ಟಗಿಟ್ಟು ಹಾಕುವುದು, ಹೊಸ ಚೆಂಡು ಹಂಚಿಕೊಳ್ಳುವುದು, ಒಂದು ಸ್ಪೆಲ್‌ನಲ್ಲಿ ಆರು ಓವರ್ ಹಾಕಿ ಸಂಜೆ ಮತ್ತೆ ಬರುವುದು ಇದರಲ್ಲಿ ಕಲಿಯಲಾಗದು.

ಆಡಳಿತದ ಗಡಿಯೂ ಒಂದು ತೊಡಕು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದವು. ರಾಜ್ಯ ಕ್ರಿಕೆಟ್ ಸಂಸ್ಥೆಯ ವಿಭಜನೆಯಲ್ಲಿ ದಾವಣಗೆರೆ ತುಮಕೂರು ವಲಯದ್ದು. ಶಿವಮೊಗ್ಗ ಪೇಟೆಗೆ ಹತ್ತಿರದಲ್ಲೇ ಇರುವ ನ್ಯಾಮತಿಯ ಹುಡುಗ ಹೆಸರು ಬರೆಸಬೇಕಾದದ್ದು ತುಮಕೂರಿನ ಪಟ್ಟಿಯಲ್ಲಿ. ಅಲ್ಲಿಂದ ವಲಯ ತಂಡ, ಬೆಂಗಳೂರಿನ ಲೀಗ್, ರಾಜ್ಯ ತಂಡದ ಸಂಭಾವ್ಯರು. ಮೇಲೆ ಹೇಳಿದ ನಾಲ್ಕು ಪಂಥಗಳ ತಕರಾರು ಶುರುವಾಗುವುದೇ ಇಷ್ಟೆಲ್ಲ ಮುಗಿದ ಮೇಲೆ. ಬೆಲೆ ತಪ್ಪಾಗುವುದಕ್ಕೂ ಮೊದಲು ಹುಡುಗ ಯಾರ ಕಣ್ಣಿಗಾದರೂ ಬೀಳಬೇಕಲ್ಲ!

ಇನ್ನೂ ಇತ್ಯರ್ಥವಾಗದ್ದು

ಎಷ್ಟು ಎಸೆತ ನೋಡಿದರೆ ಒಬ್ಬ ವೇಗಿಯನ್ನು ನಂಬಬಹುದು ಎಂಬುದಕ್ಕೆ ಒಪ್ಪಿತ ಉತ್ತರ ಇಲ್ಲ. ಮಯಾಂಕ್‌ಗೆ ಕೊಟ್ಟ 11 ಕೋಟಿ ತಪ್ಪೋ, ಫಲಕ್ಕೆ ಬರಲು ಕಾಲ ಬೇಕಾದ ಹೂಡಿಕೆಯೋ ಎಂಬುದು ಅವರ ಬೆನ್ನು ಹೇಳಬೇಕು. 2023ರಿಂದ ಜಾರಿಯಲ್ಲಿರುವ ಇಂಪ್ಯಾಕ್ಟ್ ಆಟಗಾರ ನಿಯಮ ಬ್ಯಾಟ್ ಮಾಡಲಾರದ ಶುದ್ಧ ವೇಗಿಯ ಬೆಲೆ ಏರಿಸಿತೋ, ಇನ್ನೊಬ್ಬ ಬ್ಯಾಟ್ಸ್‌ಮನ್‌ನನ್ನು ಎದುರಿಗೆ ತಂದು ಅವನ ಲೆಕ್ಕವನ್ನೇ ಕೆಡಿಸಿತೋ ಎಂಬುದರ ಬಗ್ಗೆ ತಂಡಗಳೊಳಗೇ ಒಮ್ಮತವಿಲ್ಲ. ರಣಜಿಯ ವಿಕೆಟ್‌ಗೆ ಕೋಟಿ ಕೊಡುವ ಹೊಸ ಗಾಳಿ ಒಂದೆರಡು ಹರಾಜಿಗೆ ನಿಲ್ಲುತ್ತದೋ ಮುಂದುವರಿಯುತ್ತದೋ ನೋಡಬೇಕು.

ಟೆನ್ನಿಸ್ ಬಾಲ್‌ನಿಂದ ಲೆದರ್ ಬಾಲ್‌ಗೆ ದಾಟುವ ಹುಡುಗನಿಗೆ ತಾಲ್ಲೂಕಿನಲ್ಲೇ ಎರಡು ಒಳ್ಳೆಯ ಪಿಚ್, ಒಬ್ಬ ತರಬೇತುದಾರ ಕೊಟ್ಟರೆ ಏನಾಗುತ್ತದೆ ಎಂಬುದನ್ನಂತೂ ಯಾರೂ ಪರೀಕ್ಷಿಸಿ ನೋಡಿಲ್ಲ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ದಾವಣಗೆರೆ ಡೈಮಂಡ್ಸ್ ಎಂಬ ತಂಡ ಇತ್ತು. 2022ರಿಂದ ಅದರ ಜಾಗದಲ್ಲಿ ನಡೆಯುತ್ತಿರುವ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ದಾವಣಗೆರೆಯ ಹೆಸರಿನದು ಒಂದೂ ಇಲ್ಲ. ಈ ನಾಲ್ಕು ತಾಲ್ಲೂಕಿಗೆ ಹತ್ತಿರದ್ದೆಂದರೆ ಶಿವಮೊಗ್ಗದ ತಂಡ.